ಕೋಲಾರ ಸೀಮೆಯ ಇಂಧನ ಚರಿತ್ರೆ: ನವೀಕರಿಸಲಾಗದ ಶಕ್ತಿ ಮೂಲಗಳ ಸಾಧಕ-ಬಾಧಕಗಳು

1. ಪ್ರಸ್ತಾವನೆ

ಮನುಷ್ಯನ ನಾಗರಿಕತೆಯ ಚರಿತ್ರೆಯನ್ನು ಆತ ಉರಿಸಿದ ವಸ್ತುಗಳ ಚರಿತ್ರೆಯನ್ನಾಗಿಯೂ ಓದಲು ಸಾಧ್ಯವಿದೆ. ಸೌದೆ, ಇದ್ದಲು, ಕಲ್ಲಿದ್ದಲು, ತೈಲ, ಅನಿಲ ಹಾಗೂ ಯುರೇನಿಯಂ ಇವು ಒಂದರ ನಂತರ ಒಂದಾಗಿ ಬಂದವು. ಆದರೆ ಹಿಂದಿನದನ್ನು ಯಾವುದೂ ಪೂರ್ಣವಾಗಿ ತೆರವುಗೊಳಿಸಲಿಲ್ಲ. ಇವುಗಳಲ್ಲಿ ಕಲ್ಲಿದ್ದಲು, ತೈಲ, ನೈಸರ್ಗಿಕ ಅನಿಲ ಮತ್ತು ಯುರೇನಿಯಂಗಳನ್ನು ನವೀಕರಿಸಲಾಗದ ಶಕ್ತಿ ಮೂಲಗಳೆಂದು ವರ್ಗೀಕರಿಸುವುದು ರೂಢಿಯಾಗಿದೆ. ಶಾಲಾ ಪಠ್ಯಗಳಿಂದ ಮೊದಲ್ಗೊಂಡು ಸಾರ್ವಜನಿಕ ಚರ್ಚೆಗಳವರೆಗೆ ಇವುಗಳ ಗುಣದೋಷಗಳನ್ನು ಎರಡು ಪಟ್ಟಿಗಳಲ್ಲಿ ಜೋಡಿಸಿಕೊಡುವ ಪದ್ಧತಿಯಿದೆ. ಅಗ್ಗ, ನಿರಂತರ, ಪ್ರಬಲ ಎಂಬ ವಿಶೇಷಣಗಳು ಒಂದು ಕಡೆ. ಮಾಲಿನ್ಯಕಾರಕ, ಅಪಾಯಕಾರಿ, ಮುಗಿದುಹೋಗುವಂಥದು ಎಂಬವು ಇನ್ನೊಂದು ಕಡೆ.

ಈ ಪಟ್ಟಿಗಳು ತಪ್ಪಲ್ಲ, ಆದರೆ ಅಪೂರ್ಣ. ಲಾಭ ಯಾರಿಗೆ, ನಷ್ಟ ಯಾರಿಗೆ, ಯಾವ ಕಾಲದಲ್ಲಿ, ಯಾವ ನೆಲದಲ್ಲಿ ಎಂಬ ಪ್ರಶ್ನೆಗಳನ್ನು ಅವು ಕೇಳುವುದಿಲ್ಲ. ಒಂದು ನಿರ್ದಿಷ್ಟ ಪ್ರದೇಶವನ್ನು ಆಧಾರವಾಗಿಟ್ಟುಕೊಂಡು ನೋಡಿದಾಗ ಮಾತ್ರ ಈ ಪ್ರಶ್ನೆಗಳಿಗೆ ಆಕಾರ ಬರುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳನ್ನೂ ಅವುಗಳಿಗೆ ಹೊಂದಿಕೊಂಡ ಚಿನ್ನದ ಗಣಿ ಪ್ರದೇಶವನ್ನೂ ಒಳಗೊಂಡ ಕೋಲಾರ ಸೀಮೆ ಇಂಥ ಅಧ್ಯಯನಕ್ಕೆ ವಿಶಿಷ್ಟವಾದ ಕ್ಷೇತ್ರ. ಇಲ್ಲಿ ಕಲ್ಲಿದ್ದಲಿಲ್ಲ, ತೈಲವಿಲ್ಲ, ವರ್ಷವಿಡೀ ಹರಿಯುವ ನದಿಯಿಲ್ಲ. ಆದರೂ ದೇಶದ ವಿದ್ಯುತ್ ಚರಿತ್ರೆಯ ಎರಡು ಮಹತ್ವದ ಪ್ರಸರಣ ಮಾರ್ಗಗಳು ಬಂದು ಮುಗಿದದ್ದು ಈ ನೆಲದಲ್ಲಿಯೇ. ಈ ಸಂಗತಿಯನ್ನು ಮುಂದಿಟ್ಟುಕೊಂಡು ನವೀಕರಿಸಲಾಗದ ಶಕ್ತಿ ಮೂಲಗಳ ಸಾಧಕ-ಬಾಧಕಗಳನ್ನು ತೌಲನಿಕವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಪದ ಮತ್ತು ಪರಿಕಲ್ಪನೆ

‘ಇಂಧನ’ ಎಂಬುದು ಉರಿಸು, ಹೊತ್ತಿಸು ಎಂಬ ಅರ್ಥದ ‘ಇಂಧ್’ ಧಾತುವಿನಿಂದ ಬಂದ ಸಂಸ್ಕೃತ ಶಬ್ದ. ಕನ್ನಡದ ‘ಉರುವಲು’ ಸಹ ಉರಿಯೊಂದಿಗೇ ಸಂಬಂಧವುಳ್ಳದ್ದು. ‘ಕಲ್ಲಿದ್ದಲು’ ಎಂಬ ಸಮಾಸಪದ ಗಮನಾರ್ಹವಾದುದು. ಮರ ಸುಟ್ಟು ಮಾಡುವ ಇದ್ದಲನ್ನು ಮೊದಲೇ ಬಲ್ಲ ಜನ, ನೆಲದಾಳದಿಂದ ಬಂದ ಹೊಸ ವಸ್ತುವನ್ನು ‘ಕಲ್ಲಿನಂಥ ಇದ್ದಲು’ ಎಂದು ಗುರುತಿಸಿದರು. ಈ ಗುರುತಿಸುವಿಕೆ ವೈಜ್ಞಾನಿಕವಾಗಿಯೂ ಸತ್ಯಕ್ಕೆ ಹತ್ತಿರವಾದುದು. ಕೋಟ್ಯಂತರ ವರ್ಷಗಳ ಹಿಂದಿನ ಸಸ್ಯರಾಶಿ ಒತ್ತಡ ಹಾಗೂ ಶಾಖಕ್ಕೆ ಒಳಗಾಗಿ ಕಲ್ಲಾದದ್ದೇ ಕಲ್ಲಿದ್ದಲು.

‘ಸೀಮೆಎಣ್ಣೆ’ ಎಂಬ ಶಬ್ದ ಇನ್ನೂ ಹೆಚ್ಚಿನದನ್ನು ಹೇಳುತ್ತದೆ. ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ ಮುಂತಾದ ಪದಗಳಲ್ಲಿರುವಂತೆ ಇಲ್ಲಿಯೂ ‘ಸೀಮೆ’ ಎಂದರೆ ಹೊರನಾಡು. ಹಿಪ್ಪೆ, ಹೊಂಗೆ, ಹರಳು ಮೊದಲಾದ ಊರಿನ ಎಣ್ಣೆಗಳಿಂದ ದೀಪ ಹಚ್ಚುತ್ತಿದ್ದ ಮನೆಗಳಿಗೆ ಹೊರಗಿನಿಂದ ಬಂದ ಎಣ್ಣೆ ಇದು. ಅದೇ ‘ಸೀಮೆ’ ಶಬ್ದಕ್ಕೆ ನಾಡು, ಪ್ರದೇಶ ಎಂಬ ಅರ್ಥವೂ ಎಲ್ಲೆ, ಮೇರೆ ಎಂಬ ಅರ್ಥವೂ ಇವೆ. ಹೊರಗಿನಿಂದ ಬರುವುದು, ತನ್ನ ನೆಲದಲ್ಲಿ ಬಳಕೆಯಾಗುವುದು, ಒಂದು ಎಲ್ಲೆಗೆ ಒಳಪಟ್ಟಿರುವುದು ಎಂಬ ಮೂರೂ ಲಕ್ಷಣಗಳು ಕೋಲಾರದ ಮಟ್ಟಿಗೆ ಈ ಇಂಧನಗಳಿಗೆ ಅನ್ವಯಿಸುತ್ತವೆ.

‘ನವೀಕರಿಸಲಾಗದ’ ಎಂಬ ಪಾರಿಭಾಷಿಕ ಪದದ ಅರ್ಥವನ್ನೂ ಇಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ಯಾವ ವಸ್ತು ಬಳಕೆಯಾಗುವ ವೇಗಕ್ಕೆ ಹೋಲಿಸಿದರೆ ಮರಳಿ ರೂಪುಗೊಳ್ಳುವ ವೇಗ ನಗಣ್ಯವೋ ಅದು ನವೀಕರಿಸಲಾಗದ ವಸ್ತು. ಅಂದರೆ ಇದು ವಸ್ತುವಿನ ಗುಣವಷ್ಟೇ ಅಲ್ಲ, ವಸ್ತುವಿಗೂ ಬಳಕೆಗೂ ನಡುವಣ ಸಂಬಂಧ. ಈ ವ್ಯಾಖ್ಯಾನವನ್ನು ಅಂಗೀಕರಿಸಿದರೆ ಕಲ್ಲಿದ್ದಲಿನ ಜೊತೆಗೆ ಬೇರೆ ಕೆಲವು ವಸ್ತುಗಳೂ ಇದೇ ವರ್ಗಕ್ಕೆ ಸೇರುತ್ತವೆ ಎಂಬುದು ಮುಂದೆ ವ್ಯಕ್ತವಾಗುತ್ತದೆ.

3. ಸೌದೆಯಿಂದ ಜಲವಿದ್ಯುತ್ತಿಗೆ

ಹತ್ತೊಂಬತ್ತನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ನಿರ್ವಹಣೆಯಲ್ಲಿ ಕೋಲಾರದ ಚಿನ್ನದ ಗಣಿಗಳು ಆಧುನಿಕ ಸ್ವರೂಪ ಪಡೆದವು. ಗಣಿಯಿಂದ ಅದಿರನ್ನು ಮೇಲೆತ್ತಲು, ನೀರನ್ನು ಹೊರಹಾಕಲು, ಅದಿರನ್ನು ಕುಟ್ಟಿ ಪುಡಿಮಾಡಲು ಬೇಕಾದ ಶಕ್ತಿ ಉಗಿಯಂತ್ರಗಳಿಂದ ದೊರೆಯುತ್ತಿತ್ತು. ಉಗಿಯಂತ್ರಗಳಿಗೆ ಸೌದೆ ಮತ್ತು ಕಲ್ಲಿದ್ದಲು ಬೇಕಾಗಿದ್ದವು. ಸೌದೆಯ ಬೇಡಿಕೆ ಸುತ್ತಲಿನ ಕಾಡುಗಳನ್ನು ಬರಿದುಮಾಡುತ್ತಿತ್ತು. ಕಲ್ಲಿದ್ದಲನ್ನು ದೂರದ ಪ್ರದೇಶಗಳಿಂದ ರೈಲಿನಲ್ಲಿ ತರಬೇಕಾಗಿದ್ದುದರಿಂದ ಅದರ ಬೆಲೆಗೆ ಸಾಗಣೆಯ ವೆಚ್ಚವೂ ಸೇರುತ್ತಿತ್ತು. ಗಣಿ ಆಳವಾದಷ್ಟೂ ಶಕ್ತಿಯ ಅಗತ್ಯ ಹೆಚ್ಚುತ್ತಿತ್ತು.

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೈಸೂರು ಸರ್ಕಾರ ಕೈಗೊಂಡ ಕಾವೇರಿ ವಿದ್ಯುತ್ ಯೋಜನೆಗೆ ಈ ಸನ್ನಿವೇಶವೇ ಆರ್ಥಿಕ ಆಧಾರವಾಯಿತು. ರಾಯಲ್ ಎಂಜಿನಿಯರ್ಸ್‌ಗೆ ಸೇರಿದ ಎ.ಜೆ. ಡಿ ಲಾಟ್‌ಬಿನಿಯರ್ ಅವರು ಯೋಜನೆಯನ್ನು ರೂಪಿಸಿದರು. ವಿದ್ಯುತ್ ಉಪಕರಣಗಳನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಒದಗಿಸಿತು. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಸುಮಾರು 92 ಮೈಲಿ ದೂರ ಕ್ರಮಿಸಿ ಕೋಲಾರದ ಗಣಿಗಳನ್ನು ತಲುಪಿತು. ಆ ಕಾಲದ ಜಗತ್ತಿನ ಅತಿ ಉದ್ದದ ಪ್ರಸರಣ ಮಾರ್ಗಗಳಲ್ಲಿ ಇದೂ ಒಂದು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು ಇದಾದ ಮೂರು ವರ್ಷಗಳ ನಂತರ, 1905ರಲ್ಲಿ.

ಈ ಘಟನೆಯನ್ನು ಸಾಮಾನ್ಯವಾಗಿ ಆಧುನೀಕರಣದ ವಿಜಯವೆಂದು ವರ್ಣಿಸಲಾಗುತ್ತದೆ. ಇಂಧನ ಚರಿತ್ರೆಯ ದೃಷ್ಟಿಯಿಂದ ಅದಕ್ಕೆ ಇನ್ನೊಂದು ಮುಖವಿದೆ. ನವೀಕರಿಸಲಾಗದ ಇಂಧನದಿಂದ ನವೀಕರಿಸಬಹುದಾದ ಶಕ್ತಿಗೆ ಸಾಗುವುದು ಇಪ್ಪತ್ತೊಂದನೆಯ ಶತಮಾನದ ಧ್ಯೇಯವೆಂದು ಭಾವಿಸಲಾಗಿದೆ. ಕೋಲಾರದ ಗಣಿಗಳು ಅಂಥದೊಂದು ಪರಿವರ್ತನೆಯನ್ನು 1902ರಲ್ಲಿಯೇ ಕಂಡಿದ್ದವು. ಅದಕ್ಕೆ ಪರಿಸರ ಕಾಳಜಿ ಕಾರಣವಾಗಿರಲಿಲ್ಲ, ಲೆಕ್ಕಾಚಾರ ಕಾರಣವಾಗಿತ್ತು.

ಆದರೆ ಜಲವಿದ್ಯುತ್ತಿನ ಮಿತಿಯೂ ಶೀಘ್ರವಾಗಿ ತಿಳಿದುಬಂತು. ಬೇಸಿಗೆಯಲ್ಲಿ ಕಾವೇರಿಯ ಹರಿವು ಇಳಿದಾಗ ಉತ್ಪಾದನೆಯೂ ಇಳಿಯುತ್ತಿತ್ತು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ನಿರ್ಮಾಣಕ್ಕೆ ನೀರಾವರಿಯ ಜೊತೆಗೆ ಶಿವನಸಮುದ್ರಕ್ಕೆ ವರ್ಷವಿಡೀ ಸಮಪ್ರಮಾಣದ ನೀರನ್ನು ಒದಗಿಸುವ ಉದ್ದೇಶವೂ ಇತ್ತು. ನವೀಕರಿಸಬಹುದಾದ ಶಕ್ತಿಗೆ ಸಂಗ್ರಹಣೆಯ ವ್ಯವಸ್ಥೆ ಅನಿವಾರ್ಯ ಎಂಬ ಪಾಠ ಇಲ್ಲಿದೆ. ಕಲ್ಲಿದ್ದಲಿನ ಮೊದಲ ಅನುಕೂಲವೂ ಇಲ್ಲಿಯೇ ಸ್ಪಷ್ಟವಾಗುತ್ತದೆ. ಕಲ್ಲಿದ್ದಲು ತಾನೇ ಒಂದು ಸಂಗ್ರಹ. ರಾಶಿ ಹಾಕಿಟ್ಟರೆ ಬೇಕೆಂದಾಗ ಉರಿಸಬಹುದು. ಮಳೆಯನ್ನಾಗಲಿ ಗಾಳಿಯನ್ನಾಗಲಿ ಕಾಯಬೇಕಾಗಿಲ್ಲ.

4. ಕಲ್ಲಿದ್ದಲು: ಉರಿಯುವ ನೆಲ, ಬೆಳಗುವ ನೆಲ

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಕರ್ನಾಟಕ ಬಹುಮಟ್ಟಿಗೆ ಜಲವಿದ್ಯುತ್ತನ್ನೇ ನೆಚ್ಚಿಕೊಂಡಿತ್ತು. ಮುಂಗಾರು ವಿಫಲವಾದ ವರ್ಷಗಳಲ್ಲಿ ವಿದ್ಯುತ್ ಕಡಿತ ಅನಿವಾರ್ಯವಾಗುತ್ತಿತ್ತು. ಈ ಅವಲಂಬನೆಯಿಂದ ಬಿಡಿಸಿಕೊಳ್ಳುವ ಪ್ರಯತ್ನವಾಗಿ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ ಸ್ಥಾಪನೆಯಾಗಿ, ಅದರ ಮೊದಲ ಘಟಕ 1985ರಲ್ಲಿ ಕಾರ್ಯಾರಂಭ ಮಾಡಿತು. ಮುಂದೆ ಎಂಟು ಘಟಕಗಳಿಗೆ ಬೆಳೆದು ಅದರ ಸಾಮರ್ಥ್ಯ 1,720 ಮೆಗಾವ್ಯಾಟ್ ಆಯಿತು. ಬಳ್ಳಾರಿಯ ಕುಡತಿನಿ, ರಾಯಚೂರಿನ ಯರಮರಸ್ ಕೇಂದ್ರಗಳು ಇದೇ ಜಾಡಿನಲ್ಲಿ ಬಂದವು. ರಾಜ್ಯದಲ್ಲಿ ಕಲ್ಲಿದ್ದಲಿನ ನಿಕ್ಷೇಪವಿಲ್ಲದ ಕಾರಣ ಈ ಕೇಂದ್ರಗಳಿಗೆ ಸಿಂಗರೇಣಿ ಮತ್ತಿತರ ಗಣಿಗಳಿಂದ ರೈಲಿನಲ್ಲಿ ಕಲ್ಲಿದ್ದಲು ಬರಬೇಕು.

ಭಾರತದ ಕಲ್ಲಿದ್ದಲಿನ ಗುಣವನ್ನು ಇಲ್ಲಿ ಗಮನಿಸಬೇಕು. ವಿದ್ಯುತ್ ಕೇಂದ್ರಗಳಲ್ಲಿ ಉರಿಸುವ ದೇಶೀ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ಮೂರನೆಯ ಒಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಬೂದಿಯ ಅಂಶವಿರುತ್ತದೆ. ಅಂದರೆ ಮೂರು ವ್ಯಾಗನ್ ಕಲ್ಲಿದ್ದಲನ್ನು ಸಾಗಿಸಿದರೆ ಅದರಲ್ಲಿ ಒಂದು ವ್ಯಾಗನ್ ಬೂದಿಯನ್ನೇ ಸಾಗಿಸಿದಂತೆ. ಆದ್ದರಿಂದ ಕಲ್ಲಿದ್ದಲನ್ನು ಗಣಿಯ ಬಳಿಯೇ ಉರಿಸಿ, ವಿದ್ಯುತ್ತನ್ನು ಮಾತ್ರ ತಂತಿಯಲ್ಲಿ ಕಳುಹಿಸುವುದು ಲಾಭದಾಯಕ ಎಂಬ ವಿಚಾರ ಬಲಗೊಂಡಿತು.

ಈ ವಿಚಾರದ ಫಲವೇ ತಾಲ್ಚೇರ್–ಕೋಲಾರ ಪ್ರಸರಣ ಮಾರ್ಗ. ಒಡಿಶಾದ ತಾಲ್ಚೇರ್ ಕಲ್ಲಿದ್ದಲು ವಲಯದಲ್ಲಿ ರಾಷ್ಟ್ರೀಯ ಶಾಖೋತ್ಪನ್ನ ವಿದ್ಯುತ್ ನಿಗಮದ ಕೇಂದ್ರವಿದೆ. ಅದರ ಎರಡನೆಯ ಹಂತದಲ್ಲಿ ಉತ್ಪಾದನೆಯಾಗುವ ವಿದ್ಯುತ್ತನ್ನು ದಕ್ಷಿಣದ ರಾಜ್ಯಗಳಿಗೆ ತಲುಪಿಸಲು ಪವರ್‌ಗ್ರಿಡ್ ಸಂಸ್ಥೆ ಸುಮಾರು 1,400 ಕಿಲೋಮೀಟರ್ ಉದ್ದದ ಮಾರ್ಗವನ್ನು ನಿರ್ಮಿಸಿತು. 500 ಕಿಲೋವೋಲ್ಟ್ ಒತ್ತಡದ ಈ ನೇರ ವಿದ್ಯುತ್ ಮಾರ್ಗ 2003ರಲ್ಲಿ ಕಾರ್ಯಾರಂಭ ಮಾಡಿತು. ಮೊದಲಿಗೆ 2,000 ಮೆಗಾವ್ಯಾಟ್ ಇದ್ದ ಸಾಮರ್ಥ್ಯ ಮುಂದೆ 2,500 ಮೆಗಾವ್ಯಾಟ್‌ಗೆ ಏರಿತು. ಬಹುದೂರದ ಸಾಗಣೆಯಲ್ಲಿ ಪರ್ಯಾಯ ವಿದ್ಯುತ್ತಿಗಿಂತ ನೇರ ವಿದ್ಯುತ್ತಿನಲ್ಲಿ ನಷ್ಟ ಕಡಿಮೆ. ಅಲ್ಲದೆ ಆಗ ಪೂರ್ವ ಹಾಗೂ ದಕ್ಷಿಣದ ವಿದ್ಯುತ್ ಜಾಲಗಳು ಒಂದೇ ಲಯದಲ್ಲಿ ಕೆಲಸ ಮಾಡುತ್ತಿರಲಿಲ್ಲ. ದಕ್ಷಿಣದ ಜಾಲ ರಾಷ್ಟ್ರೀಯ ಜಾಲದೊಂದಿಗೆ ಸಮಲಯ ಹೊಂದಿದ್ದು 2013ರ ಡಿಸೆಂಬರ್ 31ರಂದು. ಲಯ ಬೇರೆಯಾದ ಎರಡು ಜಾಲಗಳನ್ನು ಬೆಸೆಯಲು ನೇರ ವಿದ್ಯುತ್ ಮಾರ್ಗವೇ ತಕ್ಕುದಾಗಿತ್ತು. ಕೋಲಾರದ ಪರಿವರ್ತನಾ ಕೇಂದ್ರದಲ್ಲಿ ಆ ವಿದ್ಯುತ್ತು ಮತ್ತೆ ಪರ್ಯಾಯ ರೂಪ ಪಡೆದು ಸುತ್ತಲಿನ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ.

1902ರಲ್ಲಿ ನೀರಿನ ವಿದ್ಯುತ್ತು ಬಂದು ಸೇರಿದ ಸೀಮೆಗೆ 2003ರಲ್ಲಿ ಕಲ್ಲಿದ್ದಲಿನ ವಿದ್ಯುತ್ತು ಬಂದು ಸೇರಿತು. ಇವೆರಡರ ನಡುವೆ ಒಂದು ಮಹತ್ವದ ಭೇದವಿದೆ. ಸೌದೆ ಉರಿಸುತ್ತಿದ್ದ ಕಾಲದಲ್ಲಿ ಬೋಳಾದ ಗುಡ್ಡ ಕಣ್ಣೆದುರಿಗೇ ಇರುತ್ತಿತ್ತು. ಹೊಗೆ ಮೂಗಿಗೆ ಬಡಿಯುತ್ತಿತ್ತು. ತಾಲ್ಚೇರಿನ ಹೊಗೆ, ಹಾರುಬೂದಿ, ಅಗೆದ ನೆಲ ಇವಾವುವೂ ಕೋಲಾರದವರ ಕಣ್ಣಿಗೆ ಬೀಳುವುದಿಲ್ಲ. ಲಾಭ ಒಂದು ನೆಲದ್ದು, ಹೊರೆ ಇನ್ನೊಂದು ನೆಲದ್ದು. ಕಲ್ಲಿದ್ದಲು ಅಗ್ಗವೆಂಬ ಮಾತು ಈ ವಿಭಜನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದಾಗ ಮಾತ್ರ ನಿಲ್ಲುವಂಥದು.

5. ತೈಲ ಮತ್ತು ಅನಿಲ

ಕಲ್ಲಿದ್ದಲಿಗಿಂತ ತೈಲದ ಅನುಕೂಲ ಸ್ಪಷ್ಟವಾದುದು. ಒಂದು ಕಿಲೋ ಡೀಸೆಲ್ಲಿನಲ್ಲಿ ಸುಮಾರು 10,500 ಕಿಲೋಕ್ಯಾಲರಿ ಶಾಖವಿದ್ದರೆ, ದೇಶೀ ಕಲ್ಲಿದ್ದಲಿನ ಒಂದು ಕಿಲೋದಲ್ಲಿ ಹೆಚ್ಚುಕಡಿಮೆ 3,500ರಿಂದ 4,500 ಕಿಲೋಕ್ಯಾಲರಿ ಮಾತ್ರ. ಒಣಸೌದೆಯ ಶಾಖವೂ ಇದರ ಆಸುಪಾಸಿನಲ್ಲಿಯೇ ಇದೆ ಎಂಬುದು ಕುತೂಹಲಕರ. ದ್ರವರೂಪದಲ್ಲಿರುವುದರಿಂದ ತೈಲವನ್ನು ತುಂಬುವುದು, ಸಾಗಿಸುವುದು ಸುಲಭ. ಸಂಚಾರಕ್ಕೆ ಇದಕ್ಕಿಂತ ಒದಗುವ ಇಂಧನ ಇಪ್ಪತ್ತನೆಯ ಶತಮಾನದಲ್ಲಿ ಮತ್ತೊಂದಿರಲಿಲ್ಲ.

ಕೋಲಾರ ಸೀಮೆಯ ಕೃಷಿಯಲ್ಲಿ ತೈಲ ಎರಡು ಹಂತಗಳಲ್ಲಿ ಪ್ರವೇಶಿಸಿತು. ಏತ, ಕಪಿಲೆಗಳಿಂದ ನೀರೆತ್ತುತ್ತಿದ್ದ ತೆರೆದ ಬಾವಿಗಳಿಗೆ ಆಯಿಲ್ ಎಂಜಿನ್ನುಗಳು ಬಂದದ್ದು ಮೊದಲ ಹಂತ. ಎತ್ತಿನ ಹೆಜ್ಜೆಗೆ ಹೊಂದಿಕೊಂಡಿದ್ದ ನೀರಾವರಿಯ ಗತಿ ಅಲ್ಲಿಗೆ ಬದಲಾಯಿತು. ಮಾರುಕಟ್ಟೆಯ ಸಂಪರ್ಕ ಎರಡನೆಯ ಹಂತ. ಶ್ರೀನಿವಾಸಪುರದ ಮಾವು, ಕೋಲಾರದ ಮಾರುಕಟ್ಟೆಯ ಟೊಮೆಟೊ ಕೆಡುವ ಮೊದಲೇ ದೂರದ ಊರುಗಳನ್ನು ತಲುಪಬೇಕು. ಮುಳಬಾಗಿಲಿನ ಮೂಲಕ ಹಾದುಹೋಗುವ ಹೆದ್ದಾರಿಯ ಲಾರಿಗಳು ಈ ಬೇಸಾಯದ ಅವಿಭಾಜ್ಯ ಅಂಗ. ಬೇಗ ಹಣ್ಣಾಗುವ, ಬೇಗ ಕೆಡುವ ಬೆಳೆಗಳ ಕಡೆಗೆ ರೈತ ವಾಲಲು ಸಾಧ್ಯವಾದದ್ದು ಡೀಸೆಲ್ಲಿನಿಂದ. ಹಾಗೆಯೇ ಡೀಸೆಲ್ಲಿನ ಬೆಲೆ ಏರಿದಾಗ ಮೊದಲ ಪೆಟ್ಟು ತಿನ್ನುವವನೂ ಆ ರೈತನೇ. ಸಾಗಣೆಯ ಖರ್ಚು ಹೆಚ್ಚಿದರೆ ವ್ಯಾಪಾರಿ ಅದನ್ನು ಹೊಲದ ಬೆಲೆಯಿಂದ ಕಳೆಯುತ್ತಾನೆ.

ಭಾರತ ಬಳಸುವ ಕಚ್ಚಾ ತೈಲದಲ್ಲಿ ಶೇ. 80ಕ್ಕೂ ಹೆಚ್ಚು ಭಾಗ ಆಮದಾಗುತ್ತದೆ. ಆದುದರಿಂದ ದೂರದೇಶದ ಯುದ್ಧ, ಒಪ್ಪಂದಗಳು ಇಲ್ಲಿನ ಟೊಮೆಟೊ ಬೆಲೆಯ ಮೇಲೆ ಪರಿಣಾಮ ಬೀರುತ್ತವೆ. ತೈಲದ ಮುಖ್ಯ ದೋಷ ಹೊಗೆಯಷ್ಟೇ ಅಲ್ಲ, ಈ ಪರಾವಲಂಬನೆಯೂ ಹೌದು.

ಅನಿಲದ ವಿಷಯ ತುಸು ಭಿನ್ನ. ಉರಿಯುವಾಗ ಬೂದಿ ಉಳಿಯುವುದಿಲ್ಲ. ಒಂದು ಯೂನಿಟ್ ವಿದ್ಯುತ್ತಿಗೆ ಕಲ್ಲಿದ್ದಲಿನಿಂದ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬಿದ್ದರೆ, ನೈಸರ್ಗಿಕ ಅನಿಲದಿಂದ ಅದರ ಅರ್ಧದಷ್ಟು ಮಾತ್ರ. ಅನಿಲ ಸ್ಥಾವರವನ್ನು ಬೇಗ ಚಾಲೂ ಮಾಡಬಹುದು, ಬೇಗ ನಿಲ್ಲಿಸಬಹುದು. ಯಲಹಂಕದಲ್ಲಿ ಹಿಂದೆ ಡೀಸೆಲ್ ವಿದ್ಯುತ್ ಕೇಂದ್ರವಿದ್ದೆಡೆ 370 ಮೆಗಾವ್ಯಾಟ್ ಸಾಮರ್ಥ್ಯದ ಅನಿಲ ಸ್ಥಾವರ ತಲೆಯೆತ್ತಿರುವುದು ಈ ಕಾರಣದಿಂದಲೇ. ಇನ್ನು ಅಡುಗೆ ಅನಿಲ ಹಳ್ಳಿಯ ಹೆಂಗಸರ ಪಾಲಿಗೆ ತಂದ ಬಿಡುಗಡೆಯನ್ನು ಯಾವ ಲೆಕ್ಕದಲ್ಲಿಯೂ ಕಡೆಗಣಿಸುವಂತಿಲ್ಲ. ಒಲೆಯ ಹೊಗೆಯಿಂದ ಕಣ್ಣು, ಶ್ವಾಸಕೋಶಗಳಿಗೆ ಆಗುತ್ತಿದ್ದ ಹಾನಿ, ಪುಳ್ಳೆ ಆರಿಸಲು ವ್ಯಯವಾಗುತ್ತಿದ್ದ ಹೊತ್ತು ಇವೆರಡೂ ಕಡಿಮೆಯಾದವು. ನವೀಕರಿಸಲಾಗದ ಇಂಧನವೆಲ್ಲವೂ ಕೇಡು, ನವೀಕರಿಸಬಹುದಾದುದೆಲ್ಲವೂ ಒಳಿತು ಎಂಬ ಸರಳ ವಿಭಜನೆ ಅಡುಗೆಮನೆಯಲ್ಲಿ ನಿಲ್ಲುವುದಿಲ್ಲ.

6. ಪರಮಾಣು ಶಕ್ತಿ ಮತ್ತು ಗಣಿಯ ಆಳ

ಯುರೇನಿಯಂ ಉರಿಯುವ ವಸ್ತುವಲ್ಲ. ಅದರ ಬೀಜಕಣಗಳ ವಿದಳನದಿಂದ ಶಾಖ ಹುಟ್ಟುತ್ತದೆ. ಆದರೂ ಭೂಮಿಯಿಂದ ಅಗೆದು ತೆಗೆಯುವ, ಮುಗಿದುಹೋಗುವ ಖನಿಜವಾದ್ದರಿಂದ ಅದು ನವೀಕರಿಸಲಾಗದ ಮೂಲವೇ. ಅತ್ಯಲ್ಪ ಪ್ರಮಾಣದ ಇಂಧನದಿಂದ ಅಪಾರ ಶಕ್ತಿ, ವರ್ಷವಿಡೀ ಏಕಪ್ರಕಾರವಾದ ಉತ್ಪಾದನೆ, ಉತ್ಪಾದನೆಯ ವೇಳೆಯಲ್ಲಿ ಹೊಗೆಯಿಲ್ಲದಿರುವಿಕೆ ಇವು ಇದರ ಅನುಕೂಲಗಳು. ಉತ್ತರ ಕನ್ನಡದ ಕೈಗಾದಲ್ಲಿ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನಗಳ ಕಾಲ ಎಡೆಬಿಡದೆ ನಡೆದು ಜಾಗತಿಕ ದಾಖಲೆ ಸ್ಥಾಪಿಸಿತ್ತು. ಅದೇ ಕೈಗಾದಲ್ಲಿ 1994ರಲ್ಲಿ, ನಿರ್ಮಾಣದ ಹಂತದಲ್ಲಿದ್ದಾಗ, ರಕ್ಷಾಗುಮ್ಮಟದ ಕಾಂಕ್ರೀಟು ಕುಸಿದದ್ದೂ ಚರಿತ್ರೆಯ ಭಾಗವೇ.

ಕೋಲಾರಕ್ಕೂ ಈ ಶಕ್ತಿಗೂ ಇರುವ ಸಂಬಂಧ ವಿಶಿಷ್ಟವಾದುದು. ಚಿನ್ನದ ಗಣಿಯ ಅತಿ ಆಳದ ಸುರಂಗಗಳು ವಿಜ್ಞಾನಿಗಳಿಗೆ ಪ್ರಯೋಗಶಾಲೆಗಳಾಗಿದ್ದವು. ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳನ್ನು 1965ರಲ್ಲಿ ಇಲ್ಲಿ ಗುರುತಿಸಲಾಯಿತು. ಪರಮಾಣು ತ್ಯಾಜ್ಯದ ಶಾಖಕ್ಕೆ ಆಳದ ಬಂಡೆ ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದನ್ನು ಅರಿಯಲು ವಿದ್ಯುತ್ ಕಾಯಿಸುವ ಸಾಧನಗಳನ್ನಿರಿಸಿ ನಡೆಸಿದ ಪ್ರಯೋಗಕ್ಕೂ ಈ ಗಣಿಯ ಒಂದು ಭಾಗ ಬಳಕೆಯಾಗಿತ್ತು. 2012ರ ನವೆಂಬರಿನಲ್ಲಿ, ಕೂಡಂಕುಳಂ ಸ್ಥಾವರದ ಪ್ರಕರಣ ಸುಪ್ರೀಂ ಕೋರ್ಟಿನ ಮುಂದಿದ್ದಾಗ, ಅಲ್ಲಿನ ತ್ಯಾಜ್ಯವನ್ನು ಕೆಜಿಎಫ್‌ನ ಪಾಳುಗಣಿಗಳಲ್ಲಿ ಇರಿಸಲಾಗುವುದೆಂಬ ಸುದ್ದಿ ಹಬ್ಬಿತು. ಪಟ್ಟಣದಲ್ಲಿ ತೀವ್ರ ಪ್ರತಿಭಟನೆಗಳು ನಡೆದವು. ಅಂಥ ಯೋಜನೆ ಇಲ್ಲವೆಂದು ಕೇಂದ್ರ ಸರ್ಕಾರ ಸ್ಪಷ್ಟಪಡಿಸಿತು.

ಆ ಆತಂಕವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಬಳಸಿದ ಪರಮಾಣು ಇಂಧನದಲ್ಲಿರುವ ಪ್ಲುಟೋನಿಯಂ-239ರ ಅರ್ಧಾಯುಷ್ಯ ಸುಮಾರು 24,000 ವರ್ಷ. ಕನ್ನಡದ ಮೊದಲ ಶಾಸನಗಳಿಂದ ಇಂದಿನವರೆಗಿನ ಕಾಲವನ್ನು ಹದಿನೈದು ಪಟ್ಟು ಹಿಗ್ಗಿಸಿದರೂ ಈ ಅವಧಿಗೆ ಸಮನಾಗುವುದು ಕಷ್ಟ. ಅಷ್ಟು ಕಾಲ ಎಚ್ಚರದಿಂದಿರುವ ಸಂಸ್ಥೆಯನ್ನು ಮನುಷ್ಯ ಇನ್ನೂ ಕಟ್ಟಿಲ್ಲ. ತಮ್ಮ ಊರಿನ ಸೈನೈಡ್ ದಿಬ್ಬಗಳನ್ನೇ ಸರಿಪಡಿಸದ ವ್ಯವಸ್ಥೆಯನ್ನು ಇನ್ನೊಂದು ತ್ಯಾಜ್ಯದ ವಿಷಯದಲ್ಲಿ ನಂಬುವುದು ಹೇಗೆ ಎಂಬ ಪ್ರಶ್ನೆ ಅನುಭವದಿಂದ ಬಂದದ್ದು.

7. ಮಾಲೂರಿನ ಸೌದೆ: ವರ್ಗೀಕರಣದ ತೊಡಕು

ಸೌದೆಯನ್ನು ನವೀಕರಿಸಬಹುದಾದ ಇಂಧನವೆಂದು ಪಠ್ಯಗಳು ಹೇಳುತ್ತವೆ. ಮರ ಕಡಿದರೆ ಮತ್ತೆ ಬೆಳೆಯುತ್ತದೆ ಎಂಬುದು ಇದರ ತರ್ಕ. ಇಟ್ಟಿಗೆ, ಹೆಂಚುಗಳಿಗೆ ಹೆಸರಾದ ಮಾಲೂರಿನ ಗೂಡುಗಳೂ ರೇಷ್ಮೆ ನೂಲು ಬಿಚ್ಚಾಣಿಕೆಯ ಘಟಕಗಳೂ ಬಹುಕಾಲ ಸೌದೆಯನ್ನೇ ಅವಲಂಬಿಸಿದ್ದವು. ಈ ಸೀಮೆಯಲ್ಲಿ ವ್ಯಾಪಕವಾಗಿ ಹಬ್ಬಿದ ನೀಲಗಿರಿ ನೆಡುತೋಪುಗಳು ಉರುವಲಿನ ಬೇಡಿಕೆಯನ್ನು ಕೆಲಮಟ್ಟಿಗೆ ಪೂರೈಸಿದವು. ಕಡಿದರೂ ಚಿಗುರುವ, ದನಕರು ಮೇಯದ, ಆಳು ಬೇಡದ ಮರವೆಂಬ ಕಾರಣಕ್ಕೆ ರೈತರೂ ಅದನ್ನು ಒಪ್ಪಿಕೊಂಡರು.

ಆದರೆ ನೀಲಗಿರಿ ನೆಲದ ತೇವವನ್ನು ಹೀರುತ್ತದೆಂಬ ಆಕ್ಷೇಪ 1980ರ ದಶಕದಿಂದಲೇ ಕೇಳಿಬಂತು. ಪರ-ವಿರೋಧ ವಾದಗಳ ತರುವಾಯ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಮರ ಮರಳಿ ಬೆಳೆಯಬಹುದು, ಆದರೆ ಅದು ಕುಡಿದ ನೀರು ಅದೇ ವೇಗದಲ್ಲಿ ಮರಳದಿದ್ದರೆ ಆ ಸೌದೆಯನ್ನು ನವೀಕರಿಸಬಹುದಾದ ಇಂಧನವೆನ್ನುವುದು ಅರ್ಧಸತ್ಯವಾಗುತ್ತದೆ. ಇಟ್ಟಿಗೆಗೆ ಬೇಕಾದ ಮೇಲ್ಮಣ್ಣಿನ ವಿಷಯದಲ್ಲಿಯೂ ಇದೇ ಮಾತು. ಶಾಖೋತ್ಪನ್ನ ಕೇಂದ್ರಗಳ ಹಾರುಬೂದಿಯಿಂದ ಇಟ್ಟಿಗೆ ತಯಾರಿಸುವ ವಿಧಾನ ಈ ಮಣ್ಣನ್ನು ಉಳಿಸಬಲ್ಲದು. ಒಂದು ಇಂಧನದ ಬಾಧಕ ಇನ್ನೊಂದು ಉದ್ಯಮದ ಸಾಧಕವಾಗುವ ಅಪರೂಪದ ನಿದರ್ಶನವಿದು.

8. ಅಂತರ್ಜಲದ ಲೆಕ್ಕ

ಕೋಲಾರ ಸೀಮೆಯಲ್ಲಿ ವಿದ್ಯುತ್ತಿನ ಬಳಕೆಯನ್ನು ನೀರಿನಿಂದ ಬೇರ್ಪಡಿಸಿ ನೋಡಲು ಬರುವುದಿಲ್ಲ. ಕೆರೆಗಳ ನಾಡೆಂದು ಹೆಸರಾಗಿದ್ದ ಇಲ್ಲಿ ಕೆರೆಗಳು ಬತ್ತಿ, ತೆರೆದ ಬಾವಿಗಳು ಪಾಳುಬಿದ್ದು, ಕೊಳವೆಬಾವಿಗಳು ಸಾವಿರ ಅಡಿಯ ಆಳವನ್ನು ಮೀರಿದವು. ಶಕ್ತಿಯ ಲೆಕ್ಕದಲ್ಲಿ ಇದರ ಅರ್ಥವೇನೆಂಬುದನ್ನು ಸರಳ ಗಣಿತದಿಂದ ತಿಳಿಯಬಹುದು.

ಸಾವಿರ ಲೀಟರ್ ನೀರನ್ನು ಮೂವತ್ತು ಅಡಿ ಆಳದ ಬಾವಿಯಿಂದ ಎತ್ತಲು, ಪಂಪು ಮತ್ತು ಮೋಟಾರಿನ ಒಟ್ಟು ದಕ್ಷತೆಯನ್ನು ಶೇ. 40 ಎಂದಿಟ್ಟುಕೊಂಡರೆ, ಸುಮಾರು 0.06 ಯೂನಿಟ್ ವಿದ್ಯುತ್ತು ಸಾಕು. ಅಷ್ಟೇ ನೀರನ್ನು ಸಾವಿರ ಅಡಿಯಿಂದ ಎತ್ತಲು ಸುಮಾರು ಎರಡು ಯೂನಿಟ್ ಬೇಕು. ಒಂದು ಯೂನಿಟ್ ಉತ್ಪಾದನೆಗೆ ಸುಮಾರು 0.7 ಕಿಲೋ ದೇಶೀ ಕಲ್ಲಿದ್ದಲು ಬೇಕೆಂದು ಹಿಡಿದರೆ, ಆ ವಿದ್ಯುತ್ತು ಪೂರ್ಣವಾಗಿ ಕಲ್ಲಿದ್ದಲಿನದೇ ಆದ ಪಕ್ಷದಲ್ಲಿ, ಆ ಸಾವಿರ ಲೀಟರ್ ನೀರಿನ ಹಿಂದೆ ಸುಮಾರು 1.4 ಕಿಲೋ ಕಲ್ಲಿದ್ದಲು, ಅರ್ಧ ಕಿಲೋದಷ್ಟು ಬೂದಿ, ಎರಡು ಕಿಲೋ ಇಂಗಾಲದ ಡೈಆಕ್ಸೈಡ್ ಇರುತ್ತವೆ. ತಂತಿಯಲ್ಲಾಗುವ ನಷ್ಟವನ್ನು ಇಲ್ಲಿ ಸೇರಿಸಿಲ್ಲ. ತಂತಿಯಲ್ಲಿ ಬರುವ ವಿದ್ಯುತ್ತಿಗೆ ಮೂಲದ ಗುರುತು ಇರುವುದಿಲ್ಲವಾದ್ದರಿಂದ ಇದು ಅಂದಾಜಿನ ಲೆಕ್ಕವೇ ಹೌದು. ಆದರೆ ಆಳ ಮೂವತ್ತಮೂರು ಪಟ್ಟಾದರೆ ಶಕ್ತಿಯೂ ಮೂವತ್ತಮೂರು ಪಟ್ಟಾಗುತ್ತದೆ ಎಂಬ ಅನುಪಾತದಲ್ಲಿ ಅಂದಾಜಿಲ್ಲ.

ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ಕರ್ನಾಟಕದಲ್ಲಿ 2008ರಿಂದ ಉಚಿತ ವಿದ್ಯುತ್ ಒದಗಿಸಲಾಗುತ್ತಿದೆ. ಸಾಲದ ಹೊರೆಯಲ್ಲಿರುವ ರೈತನಿಗೆ ಇದು ಆಸರೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ನೀರಿನ ಆಳ ಹೆಚ್ಚಿದಂತೆ ಏರಬೇಕಾಗಿದ್ದ ವೆಚ್ಚ ರೈತನ ಗಮನಕ್ಕೆ ಬಾರದೆ ಹೋಯಿತು. ಎತ್ತಿಗೆ ದಣಿವಾದಾಗ ಕಪಿಲೆ ನಿಲ್ಲುತ್ತಿತ್ತು. ಬಾವಿಗೆ ಒಸರಲು ಬಿಡುವು ಸಿಗುತ್ತಿತ್ತು. ಮೋಟಾರಿಗೆ ದಣಿವಿಲ್ಲ. ಮಳೆಯಿಂದ ಮರುಪೂರಣಗೊಳ್ಳುವುದಕ್ಕಿಂತ ಹೆಚ್ಚು ನೀರು ಹೊರಬರತೊಡಗಿದಾಗ ಅಂತರ್ಜಲವೂ, ಆರಂಭದ ವ್ಯಾಖ್ಯಾನದಂತೆ, ನವೀಕರಿಸಲಾಗದ ವಸ್ತುವಾಯಿತು. ಆಳದ ನೀರಿನೊಡನೆ ಫ್ಲೋರೈಡ್ ಸಹ ಮೇಲೆ ಬಂತು.

2018ರಲ್ಲಿ ಆರಂಭವಾದ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿತ ನೀರು ಕೋಲಾರದ ಕೆರೆಗಳಿಗೆ ಹರಿಯತೊಡಗಿತು. ಆ ನೀರಿನ ಬಹುಭಾಗ ಮೂಲತಃ ಕಾವೇರಿಯದು. ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು ಐನೂರು ಮೀಟರ್ ಎತ್ತರಕ್ಕೆ ವಿದ್ಯುತ್ತಿನಿಂದಲೇ ಬೆಂಗಳೂರಿಗೆ ಏರಿಸಿದ್ದು. 1902ರಲ್ಲಿ ಕಾವೇರಿ ತಾನು ಧುಮುಕಿ ಕೋಲಾರಕ್ಕೆ ವಿದ್ಯುತ್ತನ್ನು ಕಳುಹಿಸಿದ್ದಳು. ಈಗ ವಿದ್ಯುತ್ತು ಅವಳನ್ನೇ ಎತ್ತಿ ತರುತ್ತಿದೆ.

9. ತೌಲನಿಕ ಅವಲೋಕನ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಕಲ್ಲಿದ್ದಲು ದೇಶದೊಳಗೆ ವಿಪುಲವಾಗಿದೆ, ಬೇಕೆಂದಾಗ ಒದಗುತ್ತದೆ. ಆದರೆ ಬೂದಿ ಮತ್ತು ಹೊಗೆಯ ದೃಷ್ಟಿಯಿಂದ ಅತ್ಯಂತ ಹಾನಿಕರ. ತೈಲ ಸಂಚಾರಕ್ಕೆ ಅತ್ಯಂತ ಅನುಕೂಲಕರ. ಆದರೆ ಪರಾವಲಂಬನೆಯನ್ನು ಹೆಚ್ಚಿಸುತ್ತದೆ. ಅನಿಲ ಇವೆರಡಕ್ಕಿಂತ ಶುಚಿಯಾದುದು, ಅಡುಗೆಮನೆಗೆ ಹಿತಕರ. ಆದರೆ ಅದರಲ್ಲಿಯೂ ಆಮದಿನ ಪಾಲು ದೊಡ್ಡದು. ಪರಮಾಣು ಶಕ್ತಿ ಹೊಗೆಯಿಲ್ಲದ, ನಿರಂತರವಾದ ಮೂಲ. ಆದರೆ ತ್ಯಾಜ್ಯದ ಹೊಣೆಯನ್ನು ಎಣಿಕೆಗೆ ಸಿಗದಷ್ಟು ತಲೆಮಾರುಗಳಿಗೆ ದಾಟಿಸುತ್ತದೆ. ನಾಲ್ಕರಲ್ಲಿಯೂ ಸಮಾನವಾದ ಗುಣವೆಂದರೆ ಲಾಭ ತಕ್ಷಣದ್ದು, ಹೊರೆ ಮುಂದಿನದು ಅಥವಾ ಬೇರೆಡೆಯದು.

ಪರ್ಯಾಯದ ಕಡೆಗೂ ಕೋಲಾರ ಹೆಜ್ಜೆಯಿಟ್ಟಿದೆ. ಬಂಗಾರಪೇಟೆ ತಾಲ್ಲೂಕಿನ ಯಳೇಸಂದ್ರದಲ್ಲಿ ಕರ್ನಾಟಕ ವಿದ್ಯುತ್ ನಿಗಮ 3 ಮೆಗಾವ್ಯಾಟ್‌ನ ಸೌರ ಘಟಕವನ್ನು 2009ರ ಕೊನೆಯಲ್ಲಿ ಸ್ಥಾಪಿಸಿತು. ದೇಶದ ಮೊದಮೊದಲ ಮೆಗಾವ್ಯಾಟ್ ಪ್ರಮಾಣದ ಸೌರ ಘಟಕಗಳಲ್ಲಿ ಅದೂ ಒಂದು. ಪಂಪ್‌ಸೆಟ್ಟುಗಳಿಗೂ ಸೌರಶಕ್ತಿಗೂ ಸಹಜವಾದ ಹೊಂದಾಣಿಕೆಯಿದೆ. ಬಿಸಿಲಿರುವಾಗ ಎತ್ತಿದ ನೀರನ್ನು ತೊಟ್ಟಿಯಲ್ಲಿ ನಿಲ್ಲಿಸಿಕೊಂಡರೆ ಬ್ಯಾಟರಿಯ ಅಗತ್ಯವೇ ಬೀಳುವುದಿಲ್ಲ. ರಾತ್ರಿ ಕರೆಂಟಿಗಾಗಿ ಕಾದು ಹೊಲಕ್ಕೆ ಹೋಗುವ ಕಷ್ಟವೂ ತಪ್ಪುತ್ತದೆ. ಆದರೆ ಇಲ್ಲಿಯೂ ಒಂದು ಎಚ್ಚರ ಅವಶ್ಯ. ಸೂರ್ಯನಿಗೆ ಬಿಲ್ಲಿಲ್ಲ. ಮಿತಿಯಿಲ್ಲದೆ ನೀರೆತ್ತಲು ಸೌರ ಪಂಪು ಬಳಕೆಯಾದರೆ, ಮುಗಿಯದ ಶಕ್ತಿಯಿಂದ ಮುಗಿಯುವ ನೀರನ್ನು ಬೇಗ ಮುಗಿಸಿದಂತಾಗುತ್ತದೆ. ಇಂಧನವನ್ನು ಬದಲಿಸುವುದರಿಂದ ಮಾತ್ರವೇ ಬಳಕೆಯ ಸ್ವಭಾವ ಬದಲಾಗದು.

10. ಸಮಾರೋಪ

ನವೀಕರಿಸಲಾಗದ ವಸ್ತುವಿನ ಮೇಲೆ ನಿಂತ ಬದುಕಿನ ಪೂರ್ಣ ವೃತ್ತಾಂತ ಕೋಲಾರ ಸೀಮೆಯಲ್ಲಿಯೇ ಇದೆ. ಸುಮಾರು 120 ವರ್ಷಗಳ ಅವಧಿಯಲ್ಲಿ 800 ಟನ್ನಿನಷ್ಟು ಚಿನ್ನ ಕೊಟ್ಟ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಮೇಲೆ, ಚಿನ್ನಕ್ಕಿಂತ ಅದನ್ನು ತೆಗೆಯುವ ವೆಚ್ಚವೇ ಹೆಚ್ಚಾಗಿತ್ತು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ನೆಲದಾಳದಲ್ಲಿ ಚಿನ್ನ ಆಗಲೂ ಇತ್ತು. ಮುಗಿದುಹೋಗುವುದು ಎಂದರೆ ಕಡೆಯ ಕಣದವರೆಗೆ ಬರಿದಾಗುವುದಲ್ಲ. ತೆಗೆಯುವ ಶ್ರಮಕ್ಕೆ ಪ್ರತಿಫಲ ಸಾಲದಾಗುವುದು. ಕಲ್ಲಿದ್ದಲು, ತೈಲಗಳೂ ಇದೇ ರೀತಿಯಲ್ಲಿ ಮುಗಿಯುವಂಥವು. ಸಾವಿರ ಅಡಿಯಲ್ಲಿ ನೀರು ಹುಡುಕುತ್ತಿರುವ ಕೊಳವೆಬಾವಿಯೂ ಅದೇ ದಾರಿಯಲ್ಲಿದೆ.

ಗಣಿ ಮುಚ್ಚಿದಾಗ ಕೆಲಸಗಾರರು ದಿಕ್ಕುಗೆಟ್ಟರು. ಬದಲಿ ಉದ್ಯೋಗದ ಸಿದ್ಧತೆಯಿಲ್ಲದ ಪಟ್ಟಣದಿಂದ ಸಾವಿರಾರು ಜನ ಪ್ರತಿದಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವಂತಾಯಿತು. ಚಿನ್ನ ಹೊರಗೆ ಹೋಯಿತು, ಸೈನೈಡ್ ಬೆರೆತ ದಿಬ್ಬಗಳು ಉಳಿದವು. ಗಾಳಿ ಬೀಸಿದಾಗ ಆ ದೂಳು ಮನೆಗಳ ಮೇಲೆ ಬೀಳುತ್ತದೆ. ಆ ಮುಕ್ತಾಯ ಅನಿರೀಕ್ಷಿತವಾಗಿರಲಿಲ್ಲ. ಅದಿರಿನ ಗುಣ ಇಳಿಯುತ್ತಿದೆ ಎಂಬುದು ದಶಕಗಳ ಹಿಂದೆಯೇ ತಿಳಿದಿತ್ತು. ತಿಳಿದಿದ್ದೂ ಸಿದ್ಧವಾಗದಿದ್ದುದೇ ಅಲ್ಲಿನ ದುರಂತ.

ಆದ್ದರಿಂದ ನವೀಕರಿಸಲಾಗದ ಶಕ್ತಿ ಮೂಲಗಳನ್ನು ಬಳಸಬೇಕೇ ಬೇಡವೇ ಎಂಬ ಪ್ರಶ್ನೆಗಿಂತ, ಅವು ಒದಗಿಸಿರುವ ಕಾಲಾವಕಾಶವನ್ನು ಯಾವುದಕ್ಕಾಗಿ ಬಳಸಲಾಗುತ್ತಿದೆ ಎಂಬ ಪ್ರಶ್ನೆ ಹೆಚ್ಚು ಮುಖ್ಯವಾದುದು. ತಾಲ್ಚೇರಿನ ಕಲ್ಲಿದ್ದಲಿನಿಂದ ಬಂದ ಬೆಳಕಿನಲ್ಲಿ ಕೆರೆಗಳ ಹೂಳೆತ್ತಿ, ಬೆಳೆಯ ಕ್ರಮವನ್ನು ನೀರಿಗೆ ಹೊಂದಿಸಿ, ಬಿಸಿಲನ್ನು ಬಳಸುವ ವ್ಯವಸ್ಥೆಯನ್ನು ಕಟ್ಟಿಕೊಂಡರೆ ಆ ಇಂಧನ ಸಾರ್ಥಕವಾದಂತೆ. ಹಾಗಲ್ಲದೆ ಇನ್ನಷ್ಟು ಆಳಕ್ಕೆ ಕೊರೆಯಲು ಮಾತ್ರ ಅದು ಬಳಕೆಯಾದರೆ, ಗಣಿಯ ಚರಿತ್ರೆ ಹೊಲಗಳಲ್ಲಿಯೂ ಪುನರಾವರ್ತನೆಯಾಗುತ್ತದೆ. ಗಣಿಯ ಮುಕ್ತಾಯವನ್ನು ಕಂಡ ಸೀಮೆಗೆ ಈ ವಿಷಯದಲ್ಲಿ ತಿಳಿದಿರಲಿಲ್ಲವೆಂದು ಹೇಳುವ ಅವಕಾಶವಿಲ್ಲ.